ದಿಲ್ಲಿ ಮಂಜು, ಇನ್ನೊಂದು ಬಿಸಿಲು

ಮೊನ್ನೆ ಬೆಳಗ್ಗೆ ಬಚ್ಚಲೊಲೆಯ ಮುಂದೆ ಕೂತಿದ್ದಾಗ ಬೆನ್ನಿಗೆ ಚಳಿ ಮುಟ್ಟಿತು. ಎದೆಗೆ ಬೆಂಕಿ, ಬೆನ್ನಿಗೆ ಚಳಿ. ನಮ್ಮ ಸೋಮವಾರಪೇಟೆ ಕಡೆ ಹೀಗಾಯಿತೆಂದರೆ ಸ್ವೆಟರ್ ಇಳಿಸುವ ಕಾಲ ಬಂತು ಅಂತಲೇ ಅರ್ಥ. ಕ್ಯಾಲೆಂಡರ್ ಏನಾದರೂ ಹೇಳಿಕೊಳ್ಳಲಿ, ನಾನು ನಂಬುವುದು ನನ್ನ ಬೆನ್ನನ್ನು. ಹಂಡೆಯ ನೀರು ಇನ್ನೂ ಕಾಯಬೇಕಿತ್ತು, ಎದ್ದು ಹೋಗಿ ಬೀರು ತೆಗೆದೆ.

ನಮ್ಮವರ ಬೂದಿ ಬಣ್ಣದ ಸ್ವೆಟರ್ ಕೊಡವಿದೆ ನೋಡಿ, ಜೇಬಿನಲ್ಲಿ ಗಲಗಲ ಅಂತು. ಕೈ ಹಾಕಿದರೆ ಹನ್ನೊಂದು ಒಣ ಕಾಫಿ ಹಣ್ಣು.

ಕಾಫಿ ಬೆಳೆಯುವ ಮನೆಯಲ್ಲಿ ಜೇಬಿನೊಳಗೆ ಕಾಫಿ ಸಿಗುವುದೇನು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಅದು ವಾಷಿಂಗ್ ಮೆಷಿನ್ನಿನೊಳಗೆ ಸಿಕ್ಕಿದೆ, ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಿದೆ. ಒಮ್ಮೆ ನೆಂಟರ ಮದುವೆಯಲ್ಲಿ ಇವರು ಅಕ್ಷತೆ ಎಂದು ಎಸೆದದ್ದರಲ್ಲಿ ಎರಡು ಕಾಫಿ ಹಣ್ಣೂ ಸೇರಿಕೊಂಡು, ಮದುಮಗನ ಪೇಟದ ಮೇಲೆ ಹೋಗಿ ಕೂತಿದ್ದವು. ಆದರೆ ಈ ಹನ್ನೊಂದು ಅಂಥವಲ್ಲ. ಇವು ವಿಮಾನ ಹತ್ತಿ ದಿಲ್ಲಿಗೆ ಹೋಗಿ ಬಂದವು. ಸ್ವೆಟರನ್ನು ಒಂದು ವರ್ಷ ತೊಳೆಯದೆ ಎತ್ತಿಟ್ಟಿದ್ದಳು ಈ ಮಹಾತಾಯಿ ಎಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಗೊತ್ತಾದರೆ ಆಗಲಿ, ಯಾರಿಗೂ ಹೇಳಲು ಹೋಗಬೇಡಿ.

ಹನ್ನೊಂದನ್ನೂ ಮುಷ್ಟಿಯಲ್ಲಿ ಹಿಡಿದು ಮಂಚದ ಮೇಲೆ ಕೂತೆ. ಕೂತವಳು ಹಂಡೆಯ ನೀರು ಕೊತಕೊತ ಕುದಿದು ಆರುವವರೆಗೂ ಏಳಲಿಲ್ಲ.

ನನಗೆ ದಿಲ್ಲಿಯ ಹುಚ್ಚು ಹಿಡಿಸಿದ್ದು ನಮ್ಮಪ್ಪನ ರೇಡಿಯೋ. ನನ್ನ ತವರು ಕುಶಾಲನಗರದ ಹತ್ತಿರ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆ. ಜೋಳ, ರಾಗಿ, ಬೇಲಿಯ ಮೇಲೆಲ್ಲ ಅವರೆ ಬಳ್ಳಿ. ನಮಗೆ ಚಳಿಗಾಲವೆಂದರೆ ಅವರೆಕಾಯಿಯ ಸೊಗಡು. ಬೆಳಗ್ಗೆ ಅಡುಗೆಮನೆಯ ಮುಂದಿನ ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತು ಅವರೆಕಾಯಿ ಸುಲಿಯಬೇಕು, ಮಧ್ಯದಲ್ಲಿ ರೇಡಿಯೋ. ಹೊರಗೆ ಮಂಜು ಎಷ್ಟು ಬಿದ್ದಿರುತ್ತಿತ್ತೆಂದರೆ ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿದರೆ ಬರೀ ಕೂಗು ಮಾತ್ರ ಬರುತ್ತಿತ್ತು, ಎಮ್ಮೆ ಕಾಣುತ್ತಿರಲಿಲ್ಲ. ಅಂಥ ಹೊತ್ತಲ್ಲಿ ರೇಡಿಯೋದವರು ಹೇಳುತ್ತಿದ್ದರು: ಉತ್ತರ ಭಾರತದಲ್ಲಿ ದಟ್ಟ ಮಂಜು, ದೆಹಲಿಗೆ ಬರುವ ರೈಲುಗಳು ತಡ.

ನಾನು ರೈಲನ್ನೇ ನೋಡಿರಲಿಲ್ಲ. ನಮ್ಮ ಜಿಲ್ಲೆಗೆ ಇವತ್ತಿಗೂ ರೈಲಿಲ್ಲ, ಆಗ ಎಲ್ಲಿಂದ ಬರಬೇಕು? ಆದರೆ ಮಂಜು ಗೊತ್ತಿತ್ತು. ಗೊತ್ತಿರುವ ಮಂಜಿನೊಳಗೆ ಗೊತ್ತಿಲ್ಲದ ರೈಲುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿಕೊಂಡೆ. ಊರ ಹೊರಗೆ, ದಿಲ್ಲಿಯ ಬಾಗಿಲು ತೆಗೆಯಲಿ ಎಂದು ಸುಮ್ಮನೆ ಕಾಯುತ್ತಾ ನಿಂತ ರೈಲುಗಳು. ಕಿಟಕಿಯಲ್ಲಿ ಹಳದಿ ದೀಪ. ಒಳಗೆ ಕಂಬಳಿ ಹೊದ್ದ ಜನ.

"ಅಪ್ಪಾ, ರೈಲು ನಿಂತ್ಕಂಡಿದ್ರೆ ಒಳಗಿರೋರು ಏನ್ ಮಾಡ್ತಾರೆ?" ಎಂದು ಕೇಳಿದ್ದೆ.

ಅಪ್ಪ ತಲೆ ಎತ್ತದೆ, "ಇನ್ನೇನ್ ಮಾಡ್ತಾರೆ, ಅವರೆಕಾಯಿ ಸುಲೀತಾರೆ" ಎಂದರು.

ನಾನು ಅದನ್ನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಯಾವಾಗ ನಂಬುವುದು ಬಿಟ್ಟೆ ಎಂಬುದು ನೆನಪಿಲ್ಲ. ಆದರೆ ಆ ರೈಲುಗಳು ಮಾತ್ರ ತಲೆಯೊಳಗೆ ನಿಂತೇ ಇದ್ದವು. ಎಂದಾದರೊಂದು ದಿನ ಚಳಿಗಾಲದಲ್ಲಿ ದಿಲ್ಲಿಗೆ ಹೋಗಬೇಕು, ಆ ಮಂಜು ನೋಡಬೇಕು ಅಂದುಕೊಂಡೆ. ಕೋಟೆ ಬೇಡ, ಮಿನಾರು ಬೇಡ. ಮಂಜು, ಆಮೇಲೆ ರೈಲು.

ಇಂಥ ಆಸೆ ಇಟ್ಟುಕೊಂಡವಳನ್ನು ಕಾಫಿ ಬೆಳೆಯುವ ಮನೆಗೆ ಕೊಟ್ಟರು! ಬಂದ ಮೇಲೆ ತಿಳಿಯಿತು, ಇಲ್ಲಿ ಚಳಿಗಾಲವೆಂದರೆ ಕಣ. ಹಣ್ಣು ಕುಯ್ಯುವುದು ಶುರುವಾದರೆ ಮನೆಯವರ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಕುಯ್ದು ತಂದ ಹಣ್ಣನ್ನು ಕಣದಲ್ಲಿ ಹರಡಬೇಕು, ಗಳಿಗೆಗೊಮ್ಮೆ ಕೆದಕಬೇಕು, ಬಿಸಿಲು ಇಳಿದ ಮೇಲೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಮತ್ತೆ ಹರಡಬೇಕು. ಇಲ್ಲಿ ದಿನವನ್ನು ದಿನ ಅನ್ನುವುದಿಲ್ಲ, ಬಿಸಿಲು ಅನ್ನುತ್ತಾರೆ. ಮೋಡ ಕವಿದ ದಿನ ದಿನವೇ ಅಲ್ಲ. ಮಧ್ಯಾಹ್ನದ ಮೇಲೆ ಮೋಡ ಬಂದರೆ ಅರ್ಧ ಬಿಸಿಲು. ನಾಮಕರಣಕ್ಕೆ ಕರೆಯಲು ಬಂದವರಿಗೂ ಇವರು "ಇನ್ನು ನಾಕು ಬಿಸಿಲು ಕಳೀಲಿ, ಬರ್ತೀವಿ" ಎಂದವರೇ.

ಹಣ್ಣು ಒಣಗಿತೋ ಇಲ್ಲವೋ ಎಂದು ಹೇಳಲು ಪೇಟೆಯ ಅಂಗಡಿಯಲ್ಲಿ ತೇವ ಅಳೆಯುವ ಮೆಷಿನ್ನಿದೆ. ನಮ್ಮ ಮನೆಯಲ್ಲಿ ಅತ್ತೆಯ ಕಿವಿ ಇತ್ತು.

ಅತ್ತೆ ಎತ್ತರದ ಹೆಂಗಸು. ಚಳಿಗಾಲ ಪೂರ್ತಿ ಸೀರೆಯ ಮೇಲೆ ಮಾವನ ಹಳೇ ಕೋಟು, ತಲೆಗೆ ಒಂದು ಟವೆಲ್ಲು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಕಣದ ನಡುವಿನಿಂದ, ಅಂಚಿನಿಂದಲ್ಲ, ಒಂದು ಮುಷ್ಟಿ ಹಣ್ಣು ತೆಗೆದು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಕಣ್ಣು ಮುಚ್ಚುವರು. ಆಗ ಕೆಲಸದ ಲೀಲಾ ಹಣ್ಣು ಕೆದಕುವ ಹಲಗೆ ಎಳೆಯುವುದನ್ನು ನಿಲ್ಲಿಸಬೇಕು, ನಾನು ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಬೇಕು. ಒಣಗಿದ ಹಣ್ಣಿನ ಸಿಪ್ಪೆಯೊಳಗೆ ಬೀಜ ಸಡಿಲವಾಗಿ ಗಲಗಲ ಅನ್ನುತ್ತದೆ. ತೇವವಿದ್ದರೆ ಅನ್ನುವುದಿಲ್ಲ. ಅಷ್ಟೇ ವಿದ್ಯೆ. ಆದರೆ ಆ ಗಲಗಲದೊಳಗೂ ಒಂದು ಬಿಸಿಲಿನ ಗಲಗಲ ಬೇರೆ, ಎರಡು ಬಿಸಿಲಿನದು ಬೇರೆ. ಕೇಳಿಯಾದ ಮೇಲೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ, ಕಣದ ಆ ತುದಿಯಲ್ಲಿರುವವರಿಗೂ ಕಾಣುವ ಹಾಗೆ ಕೈ ಎತ್ತುತ್ತಿದ್ದರು. ಎರಡು ಬೆರಳೆಂದರೆ ಇನ್ನೆರಡು ಬಿಸಿಲು ಬೇಕು. ಒಂದು ಬೆರಳೆಂದರೆ ಒಂದು. ಮುಷ್ಟಿ ಮುಚ್ಚಿ ಎತ್ತಿದರೆ ಆಯಿತು, ಮೂಟೆ ಕಟ್ಟು.

ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ನನ್ನ ಕೈಗೂ ಒಂದು ಮುಷ್ಟಿ ಕೊಟ್ಟು "ಕೇಳು" ಎಂದರು. ಅಲ್ಲಾಡಿಸಿದೆ. ಆಹಾ, ಎಂಥ ಗಲಗಲ! ಜಂಬದಿಂದ ಮುಷ್ಟಿ ಎತ್ತಿದೆ. ಕಣದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ಬಳೆ ಮ್ಯಾಲಕ್ಕೆ ಸರುಸ್ಕಂಡು ಕೇಳು ತಾಯಿ" ಎಂದರು ಅತ್ತೆ.

ಎರಡು ಡಜನ್ ಹಸಿರು ಗಾಜಿನ ಬಳೆ ತೊಟ್ಟಿದ್ದೆ. ಸರಿಸಿಕೊಂಡು ಕೇಳಿದರೆ ಹಣ್ಣು ತುಟಿಪಿಟಕ್ ಅನ್ನಲಿಲ್ಲ. ಆಮೇಲೆ ಯಾರೂ ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ದಿಲ್ಲಿ ಪ್ರವಾಸದ ತಯಾರಿ ಮಾತ್ರ ಪ್ರತಿ ವರ್ಷ ನಡೆಯುತ್ತಿತ್ತು. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ಬಸ್ಸು, ಯಾವ ರೈಲು, ಎಲ್ಲಿ ಇಳಿಯುವುದು, ಎಷ್ಟು ಸ್ವೆಟರ್. ಆಮೇಲೆ ವಾಟ್ಸ್ಯಾಪ್ ಬಂತು. ನನ್ನ ಜೊತೆ ಓದಿದವರ ಗುಂಪಿನಲ್ಲಿ ಒಮ್ಮೆ ಕೇಳಿದ್ದಕ್ಕೆ ಎಲ್ಲರೂ ಒಂದೇ ಬುದ್ಧಿ ಹೇಳಿದರು: ಡಿಸೆಂಬರ್ ಜನವರಿ ಬೇಡವೇ ಬೇಡ, ಮಂಜು, ಏನೂ ಕಾಣಲ್ಲ, ಅಕ್ಟೋಬರಿನಲ್ಲಿ ಹೋಗು. ಏನೂ ಕಾಣದಿರುವುದನ್ನೇ ನೋಡಲು ಹೋಗುವವಳು ನಾನು ಎಂದು ಅವರಿಗೆ ಹೇಗೆ ಬಿಡಿಸಿ ಹೇಳುವುದು? ಇವರಿಗೆ ಹೇಳಿ ನೋಡಿದೆ.

"ಮಂಜು ನೋಡಕ್ಕೆ ದಿಲ್ಲಿಗ್ಯಾಕೆ ಹೋಗ್ಬೇಕು? ಬಾಗ್ಲು ತೆಗಿ" ಎಂದರು.

ಪ್ರತಿ ವರ್ಷ ಅದೇ ಮಾತು. ಬಾಗಿಲು ತೆಗೆದರೆ ಮಂಜು ಇದ್ದೇ ಇರುತ್ತಿತ್ತು, ಅದೇ ಕಷ್ಟ.

ಮೊದಲೆಲ್ಲ ಅವರು ಹೇಳುತ್ತಿದ್ದ ಕಾರಣ ನಿಜವಾಗಿಯೂ ಕಾಫಿಯೇ. ಆದರೆ ಈಚಿನ ನಾಲ್ಕು ವರ್ಷದ ಕಾರಣ ಬೇರೆ ಇತ್ತು. ಅದು ನನಗೂ ಅವರಿಗೂ ಮಾತ್ರ ಗೊತ್ತು ಅಂದುಕೊಂಡಿದ್ದೆವು.

ಅತ್ತೆಯ ಕಿವಿ ಮಂದವಾಗಿತ್ತು. ಮೊದಲು ಟಿವಿಯ ಸದ್ದು ಏರಿತು. ಆಮೇಲೆ ಕುಕ್ಕರ್ ಪಕ್ಕದಲ್ಲೇ ನಿಂತು "ಇದ್ಯಾಕೆ ಇನ್ನೂ ಕೂಗ್ಲಿಲ್ಲ" ಎಂದರು, ಅದು ಐದು ಸಲ ಕೂಗಿಯಾಗಿತ್ತು. ಮೈಸೂರಿನಲ್ಲಿ ನರ್ಸಿಂಗ್ ಓದುವ ನಮ್ಮ ಮಗಳು ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟಳು. "ತಲೆ ಒಳಗೆ ಜೇನು ಹಾರ್ದಂಗಾಯ್ತದೆ" ಎಂದು ಅದನ್ನು ಕುಂಕುಮದ ಡಬ್ಬಿಯೊಳಗೆ ಇಟ್ಟರು, ಈಗಲೂ ಅಲ್ಲೇ ಇದೆ. ಒಂದು ವರ್ಷ ಅತ್ತೆ ಮುಷ್ಟಿ ಎತ್ತಿದರು, ನಾವು ಮೂಟೆ ಕಟ್ಟಿದೆವು. ಮಾರನೇ ದಿನ ಇವರು ಮೂಟೆಯೊಳಗೆ ಕೈ ಹಾಕಿದರೆ ಬೆಚ್ಚಗೆ, ಒದ್ದೆ. ಹಾಗೇ ಬಿಟ್ಟಿದ್ದರೆ ಬೂಸಲು ಹಿಡಿದು ಒಂದು ಕಾಳೂ ಉಳಿಯುತ್ತಿರಲಿಲ್ಲ. ಅತ್ತೆ ದೇವಸ್ಥಾನಕ್ಕೆ ಹೋದದ್ದು ನೋಡಿಕೊಂಡು, ಹೊಲಿಗೆ ಬಿಚ್ಚಿ, ಮನೆಯ ಹಿಂದೆ ಕದ್ದು ಒಣಗಿಸಿದೆವು.

ಆವತ್ತಿನಿಂದ ಇವರ ಕಳ್ಳ ಕೆಲಸ ಶುರು. ಅತ್ತೆ ಕೇಳಿ, ಬೆರಳು ತೋರಿಸಿ, ಸ್ನಾನಕ್ಕೆ ಒಳಗೆ ಹೋದ ಮೇಲೆ ಇವರು ಕಣಕ್ಕೆ ಇಳಿದು ತಾವೊಂದು ಮುಷ್ಟಿ ಅಲ್ಲಾಡಿಸಿ ಕೇಳುವರು. ಅತ್ತೆಯ ಲೆಕ್ಕ ಸರಿಯಿದ್ದರೆ ಸರಿ. ತಪ್ಪಿದ್ದರೆ, "ಗೋಣಿ ಬಂದಿಲ್ಲ ಕಣವ್ವ, ನಾಡಿದ್ದು ಕಟ್ಟಾನ" ಎನ್ನುವರು. ಗೋಣಿ ಎಲ್ಲ ಅಟ್ಟದ ಮೇಲೆ ಇರುತ್ತಿತ್ತು. ಪಾಪ, ಗೋಣಿ ಅಂಗಡಿಯವನು ಒಂದು ಸಲ ಪೇಟೆಯಲ್ಲಿ ಅತ್ತೆಯ ಕೈಗೆ ಸಿಕ್ಕಿಕೊಂಡು, ಮಾಡದ ತಪ್ಪಿಗೆ ನಾಲ್ಕು ಜನರ ಮುಂದೆ ಬೈಸಿಕೊಂಡ.

"ಹೇಳ್ಬಿಡಬಾರದಾ ಅತ್ತೆಗೆ?" ಎಂದು ಕೇಳಿದ್ದೆ.

"ಆ ಕಿವಿ ಹೋಯ್ತು ಅಂತ ಗೊತ್ತಾದ್ರೆ ಅವ್ವ ಇನ್ನು ಕಣಕ್ಕೇ ಇಳಿಯಲ್ಲ ಕಣೇ. ಕಣಕ್ಕೆ ಇಳೀದೆ ಅವ್ವ ಏನ್ ಮಾಡ್ತಾಳೆ?" ಎಂದರು. ಅಮ್ಮನ ಹಿಂದೆ ಕದ್ದು ಕಿವಿ ಕೊಡಲು ಮಗ ಇರಲೇಬೇಕಿತ್ತು, ಹಾಗಾಗಿ ಆ ಮಗ ಚಳಿಗಾಲದಲ್ಲಿ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ನನ್ನ ರೈಲುಗಳು ಮಂಜಿನಲ್ಲಿ ನಿಂತೇ ಇದ್ದವು.

ಕಳೆದ ಚಳಿಗಾಲದಲ್ಲಿ ಮಾತ್ರ ನನಗೆ ತಡೆಯಲಾಗಲಿಲ್ಲ. ಮಗಳಿಗೆ ಫೋನ್ ಮಾಡಿ ಟಿಕೆಟ್ ಮಾಡಿಸಿಯೇ ಬಿಟ್ಟೆ. ಜನವರಿಯ ಎರಡನೇ ವಾರ, ಐದು ದಿನ. ಅಷ್ಟರಲ್ಲಿ ಕಣ ಖಾಲಿಯಾಗುತ್ತದೆ ಎಂದು ಇವರೇ ಬಿಸಿಲು ಎಣಿಸಿ ಹೇಳಿದ್ದರು. ಆದರೆ ಆ ವರ್ಷ ಹಣ್ಣು ತಡವಾಯಿತು. ನಾವು ಹೊರಡುವ ದಿನ ಕೊನೆಯ ರಾಶಿ ಕಣದಲ್ಲೇ ಇತ್ತು, ಅತ್ತೆಯ ಬೆರಳು ಎರಡು.

ಇವರ ಮುಖ ನೋಡಬೇಕಿತ್ತು ನೀವು. ಅತ್ತೆ ಮಾತ್ರ ಕೋಟಿನ ಜೇಬಿಗೆ ಕೈ ಹಾಕಿ ನಿಂತು, "ಹೋಗ್ಬರ್ರಿ. ಕಣ ನಾನ್ ನೋಡ್ಕತೀನಿ. ನಾ ನೋಡ್ದೆ ಇರೋ ಕಣವಾ?" ಎಂದರು. ಇವರು ಲೀಲಾಳನ್ನು ಪಕ್ಕಕ್ಕೆ ಕರೆದು, "ನಾನ್ ಬರೋವರ್ಗೂ ಗೋಣಿ ಕೆಳಗಿಳಿಸ್ಬೇಡ" ಎಂದು ಪಿಸುಗುಟ್ಟಿದರು. ಕಾರು ಹತ್ತುವ ಮೊದಲು ಕೊನೆಯ ಸಲ ಕಣದಿಂದ ಒಂದು ಮುಷ್ಟಿ ಎತ್ತಿ ಅಲ್ಲಾಡಿಸಿ ಕೇಳಿದರು. ಅಷ್ಟರಲ್ಲಿ ಅತ್ತೆ ತಿರುಗಿ ನೋಡಿದರು. ಇವರು ಗಡಿಬಿಡಿಯಲ್ಲಿ ಮುಷ್ಟಿಯನ್ನು ಹಾಗೇ ಸ್ವೆಟರಿನ ಜೇಬಿಗೆ ಇಳಿಸಿದರು. ಆ ಹನ್ನೊಂದು ಹಣ್ಣು ದಿಲ್ಲಿ ನೋಡಿದ್ದು ಹೀಗೆ.

ಬಟ್ಟೆ ಕಟ್ಟುವಾಗ ನಾವು ಮಾಡಿದ ತಪ್ಪು ಕೊಡಗಿನವರು ಮಾತ್ರ ಮಾಡುವಂಥದ್ದು. "ಚಳಿ ನಮಗೇನ್ ಹೊಸದಾ?" ಎಂದುಕೊಂಡು ಆಳಿಗೊಂದು ಸ್ವೆಟರ್. ಮಿಕ್ಕ ಜಾಗದಲ್ಲಿ ನಮ್ಮ ತೋಟದ ಕಾಫಿ ಪುಡಿ, ಹಿತ್ತಾಳೆ ಫಿಲ್ಟರ್, ಹುರಿದ ಅವರೆಕಾಳು. ನಮ್ಮ ಚಳಿ ಹೊಸ್ತಿಲಲ್ಲಿ ನಿಲ್ಲುವ ಚಳಿ, ಒಳಗೆ ಒಲೆ ಇರುತ್ತದೆ. ದಿಲ್ಲಿಯ ಚಳಿ ರೂಮಿನೊಳಗೆ ನಮಗಿಂತ ಮೊದಲು ಬಂದು ಕೂತಿತ್ತು. ಮೊದಲ ಬೆಳಗ್ಗೆ ಇವರು ಎದ್ದು, ಅರೆನಿದ್ದೆಯಲ್ಲಿ, ಅಭ್ಯಾಸದಂತೆ ಬಚ್ಚಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬಿಳಿ ಟೈಲ್ಸಿನ ಮುಂದೆ ಸುಮ್ಮನೆ ನಿಂತಿದ್ದಾರೆ.

"ಬೆಂಕಿ ಇಲ್ವಲ್ಲೇ" ಎಂದರು. ನನಗೆ ನಗು ಬಂತು, ಜೊತೆಗೆ ಅಯ್ಯೋ ಅನ್ನಿಸಿತು.

ಮಂಜು ಮಾತ್ರ ನನಗೆ ಮೋಸ ಮಾಡಲಿಲ್ಲ. ಬೆಂಗಳೂರಿನಿಂದ ಹೊರಡಬೇಕಿದ್ದ ವಿಮಾನವನ್ನೇ ನಾಲ್ಕು ತಾಸು ತಡೆದು ನಿಲ್ಲಿಸಿತ್ತು. ಇಂಡಿಯಾ ಗೇಟಿಗೆ ಹೋದೆವು, ಗೇಟು ಇರಲಿಲ್ಲ. ಇದೆ ಇದೆ, ಇಲ್ಲೇ ಇದೆ ಎಂದು ಆಟೋದವನು ಬೆರಳು ತೋರಿಸಿದ. ತೋರಿಸಿದ ಕಡೆ ಬೆಳ್ಳಗೆ ಇತ್ತು. ಆ ಬಿಳುಪಿನೊಳಗಿಂದ ಒಬ್ಬ ಬಲೂನು ಮಾರುವವನು ಬಂದ, ಮೊದಲು ಬಲೂನು, ಆಮೇಲೆ ಅವನು. ಹಾಗೇ ಕರಗಿಹೋದ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಊರಿಗೆ ಊರೇ ನನ್ನ ಅಪ್ಪನ ರೇಡಿಯೋದೊಳಗೆ ಇದ್ದ ಹಾಗಿತ್ತು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. "ಅಮ್ಮ, ಇದು ಮಡಿಕೇರಿ ರಾಜಾಸೀಟಿನ ಹಾಗಿದೆಯಲ್ಲ, ನಿಜವಾಗ್ಲೂ ಹೋಗಿದ್ದೀರಾ?" ಎಂದು ಕೇಳಿದಳು.

ಇವರು ಮಂಜನ್ನು ನೋಡಲೇ ಇಲ್ಲ. ಮೊದಲ ದಿನ ಜೇಬಿನಲ್ಲಿ ಆ ಮುಷ್ಟಿ ಹಣ್ಣು ಸಿಕ್ಕಿತು. ಅಲ್ಲಾಡಿಸಿದರು, ಸದ್ದಿಲ್ಲ. ಎರಡನೇ ದಿನ ಅಲ್ಲಾಡಿಸಿದರು, ಸದ್ದಿಲ್ಲ. ಸೂರ್ಯನ ಮುಖವೇ ಕಾಣದ ಊರಿನಲ್ಲಿ, ಸ್ವೆಟರಿನ ಜೇಬಿನೊಳಗಿನ ಹಣ್ಣು ಹೇಗೆ ಒಣಗೀತು? ಆದರೆ ಇವರ ಮನಸ್ಸಿಗೆ, ಇಲ್ಲಿ ಒಣಗಿಲ್ಲ ಎಂದರೆ ಅಲ್ಲೂ ಒಣಗಿಲ್ಲ. ಮೂರನೇ ದಿನ ಸಂಜೆ ಫೋನಿನಲ್ಲಿ ಹವಾಮಾನ ನೋಡಿ ಎದ್ದು ಕೂತರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಕೊಡಗಿಗೂ ಎರಡು ದಿನದಲ್ಲಿ ಮಳೆ ಬರಬಹುದಂತೆ.

"ಬಟ್ಟೆ ಕಟ್ಟು. ನಾಳೆ ಹೊರಡಾನ."

"ಇನ್ನೂ ರೈಲು ನೋಡಿಲ್ಲ ರೀ."

"ರೈಲಂತೆ ರೈಲು! ಮಳೆ ಬತ್ತದೆ ಅಂತ ಅವ್ವ ಹೆದ್ರಿ ಮುಷ್ಟಿ ಎತ್ತಿ ಮೂಟೆ ಕಟ್ಸುದ್ರೆ? ಒದ್ದೆ ಕಾಫಿ ಬೂಸಲು ಬಂದ್ರೆ ಊರೆಲ್ಲ ಏನಂತದೆ, ಮುದುಕಿಗೆ ಕಿವಿ ಹೋಯ್ತು ಅಂತದೆ. ಅವ್ವಂಗೆ ಕೇಳ್ಸಲ್ಲ ಕಣೇ, ನಿಂಗೊತ್ತಿಲ್ವಾ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಕಾದು ಬಂದದ್ದು ಇದಕ್ಕಾ ಎಂದು ಸಿಟ್ಟು. ಒಂದು ಮುದಿ ಜೀವದ ಮರ್ಯಾದೆಯನ್ನು ಕಣದಲ್ಲಿ ಒಂಟಿಯಾಗಿ ಬಿಟ್ಟು, ಮಂಜು ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದೆನಲ್ಲ ಎಂದು ಅಳು. ಬಟ್ಟೆ ಮಡಿಚಿದೆ. ಹಿತ್ತಾಳೆ ಫಿಲ್ಟರನ್ನು ಬೇಕೆಂದೇ ಸ್ವಲ್ಪ ಜೋರಾಗಿ ಇಟ್ಟೆ.

ಬೆಳಗ್ಗೆ ಎದ್ದರೆ ಇವರು ರೂಮಿನಲ್ಲಿಲ್ಲ. ಕೆಳಗೆ ಬಂದೆ. ಹೋಟೆಲಿನ ಪಕ್ಕದ ಗಲ್ಲಿಯ ಬಾಯಲ್ಲಿ ಬೆಂಕಿ ಕಂಡಿತು. ಕಾವಲುಗಾರ ಒಬ್ಬ ಹಳೇ ಮರದ ತುಂಡುಗಳನ್ನು ಒಟ್ಟಿ ಹಚ್ಚಿದ್ದ, ಸುತ್ತ ನಾಲ್ಕೈದು ಜನ. ಅವರ ನಡುವೆ ನಮ್ಮವರು ಕುಕ್ಕುರುಗಾಲಲ್ಲಿ ಕೂತು, ಹೊಗೆಯಾಡುತ್ತಿದ್ದ ಒಂದು ತುಂಡನ್ನು ಹಿಂದಕ್ಕೆ ಎಳೆದು, ಇನ್ನೊಂದನ್ನು ಓರೆ ಮಾಡಿ ಇಡುತ್ತಿದ್ದಾರೆ. ನಮ್ಮ ಬಚ್ಚಲೊಲೆಗೆ ಮಾಡುವ ಹಾಗೇ. ಹೊಗೆ ನಿಂತು ಬೆಂಕಿ ಭಗ್ಗನೆ ಎದ್ದಿತು. ಕಾವಲುಗಾರ "ವಾಹ್" ಎಂದ. ಇವರ ಎದುರಿಗೆ ಒಂದು ತಗಡಿನ ತುಂಡಿನ ಮೇಲೆ ಹನ್ನೊಂದು ಕಾಫಿ ಹಣ್ಣು, ಬೆಂಕಿಯ ಶಾಖಕ್ಕೆ ಹರಡಿದ್ದವು. ಹನ್ನೆರಡನೆಯದನ್ನು ಕಾವಲುಗಾರ ಕಡಲೆಕಾಯಿ ಎಂದುಕೊಂಡು ಬಾಯಿಗೆ ಹಾಕಿ ಮುಖ ಹಿಂಡುತ್ತಿದ್ದ. "ಕಾಫಿ, ಕಾಫಿ" ಎಂದು ಇವರು ಕೈಯಲ್ಲಿ ಲೋಟ ಎತ್ತಿ ಕುಡಿಯುವ ಹಾಗೆ ಮಾಡಿ ತೋರಿಸಿದರು. ಅವನು ನಂಬಲಿಲ್ಲ. ನಾನೂ ಜಾಗ ಮಾಡಿಕೊಂಡು ಕೂತೆ. ಎದೆಗೆ ಬೆಂಕಿ, ಬೆನ್ನಿಗೆ ಚಳಿ.

ಬಿಸಿಲಿಲ್ಲದ ಬೆಳಗು ಹಾಗೇ ಏರಿತು. ಟಿಕೆಟ್ ಬದಲಿಸಿಕೊಳ್ಳಲು ಹೊರಡುವ ಹೊತ್ತು ಹತ್ತಿರವಾಗುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಲೀಲಾಳ ವಿಡಿಯೋ ಕಾಲ್. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯ ನೀರಿನ ತೊಟ್ಟಿಯ ಹತ್ತಿರ ಮಾತ್ರ. ಅಲ್ಲಿಂದಲೇ ಮಾಡಿದ್ದಳು. ಅಲ್ಲಿ ಬೆಳ್ಳಂಬಿಸಿಲು! ಫೋನಿನೊಳಗಿನ ಬಿಸಿಲು ನೋಡಿ ಕಾವಲುಗಾರನೂ ಬಗ್ಗಿ ನೋಡಿದ.

"ಅಣ್ಣಾ, ಅಮ್ಮ ಮಾತಾಡ್ಬೇಕಂತೆ. ಗೋಣಿ ನಾ ಕೊಟ್ಟಿಲ್ಲ ಅಣ್ಣಾ, ಅವರೇ ಅಟ್ಟ ಹತ್ತಿ ಇಳುಸ್ಕಂಡ್ರು" ಎಂದಳು ಲೀಲಾ, ಒಂದೇ ಉಸಿರಿಗೆ.

ಫೋನಿನ ತುಂಬ ಅತ್ತೆಯ ಮುಖ ಬಂತು. ತಲೆಗೆ ಟವೆಲ್ಲು, ಮಾವನ ಕೋಟು.

"ಚಂದ್ರೂ, ನೀನೇನೂ ಮಾತಾಡ್ಬ್ಯಾಡ, ಆಡುದ್ರೂ ನಂಗೆ ಕೇಳ್ಸಲ್ಲ" ಎಂದರು, ಆ ತೋಟಕ್ಕೆಲ್ಲ ಕೇಳುವ ಹಾಗೆ. "ನಾಕು ವರ್ಷದಿಂದ ನನ್ನ ಬೆನ್ನ ಹಿಂದೆ ಬಂದು ಕೇಳ್ತಿದ್ದಿಯಲ್ಲ ಮಗ, ಈವತ್ತು ಮುಂದೆ ಕೂತ್ಕಂಡು ಕೇಳು. ನಂಗೇನು ಗೊತ್ತಿಲ್ವಾ? ಗೋಣಿ ಅಟ್ಟದಲ್ಲಿ ಇಲಿ ಕಡಿಯಕ್ಕೆ ಇಟ್ಟಿದ್ದೀಯಾ?"

ನಮ್ಮವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅತ್ತೆ ಬಗ್ಗಿ, ಕಣದ ನಡುವಿನಿಂದ ಒಂದು ಮುಷ್ಟಿ ಎತ್ತಿದರು. ತಮ್ಮ ಕಿವಿಯ ಹತ್ತಿರ ಒಯ್ಯಲಿಲ್ಲ. ಫೋನಿನ ಹತ್ತಿರ ತಂದು ಅಲ್ಲಾಡಿಸಿದರು. ಏನೂ ಕೇಳಲಿಲ್ಲ.

"ಇನ್ನೂ ಹತ್ರ ಹಿಡೀರಿ ಅಮ್ಮಾ" ಎಂದು ಲೀಲಾ ಅವರ ಕೈ ಹಿಡಿದು ಹತ್ತಿರ ಎಳೆದಳು.

ಇವರು ಫೋನನ್ನು ಬಲಗಿವಿಗೆ ಒತ್ತಿಕೊಂಡರು. ನಾನು ಬೆಂಕಿಯ ಸುತ್ತ ಇದ್ದವರಿಗೆಲ್ಲ ಕೈ ಮಾಡಿ ಸುಮ್ಮನಿರಿ ಎಂದೆ. ಯಾಕೆ ಏನು ಎಂದು ಗೊತ್ತಿಲ್ಲದಿದ್ದರೂ ಅವರು ಸುಮ್ಮನಾದರು. ಇವರು ಕಣ್ಣು ಮುಚ್ಚಿದರು. ಆಗ ಬಂತು ನೋಡಿ, ಅಷ್ಟು ದೂರದಿಂದ, ಮಂಜೆಲ್ಲ ದಾಟಿಕೊಂಡು, ಗಲಗಲ ಗಲಗಲ. ನನಗೂ ಕೇಳಿಸಿತು. ಇವರು ಅಲ್ಲಾಡದೆ ಕೇಳಿದರು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಬೆಂಕಿಯ ಹೊಗೆಗೆ ಎಂದು ಅವರು ಆಮೇಲೆ ವಾದಿಸಿದರು, ಹೊಗೆ ಬಾರದ ಹಾಗೆ ಬೆಂಕಿ ಸರಿಮಾಡಿದ್ದೂ ಅವರೇ.

ಫೋನನ್ನು ಮುಂದೆ ಹಿಡಿದು, ಅಮ್ಮನಿಗೆ ಕಾಣುವ ಹಾಗೆ, ಒಂದು ಬೆರಳು ಎತ್ತಿದರು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಒಂದಾ? ನಂಗೂ ಹಲ್ಲಲ್ಲಿ ಕಚ್ಚುದಾಗ ಹಂಗೇ ಅನ್ಸಿತ್ತು ಕಣ್ಲಾ. ಕಿವಿ ಹೋದ್ರೆ ಹಲ್ಲೈತೆ. ಈವತ್ತಿನ ಬಿಸಿಲಿಗೆ ಆಯ್ತದೆ, ಸಂಜೆಗೆ ಮೂಟೆ ಕಟ್ಟುಸ್ತೀನಿ, ಮಳೆ ಬಂದ್ರೆ ಬರ್ಲಿ. ನೀನ್ ಓಡಿ ಬರ್ಬ್ಯಾಡ. ಸಾವಿತ್ರಿಗೆ ಅದೆಂಥದೋ ರೈಲು ನೋಡ್ಬೇಕಂತಲ್ಲ, ತೋರುಸ್ಕಂಡ್ ಬಾ."

ನನ್ನ ರೈಲಿನ ವಿಷಯ ಅತ್ತೆಗೆ ಯಾರು ಹೇಳಿದ್ದರೋ! ನಾನಂತೂ ಹೇಳಿರಲಿಲ್ಲ. ಇಷ್ಟು ವರ್ಷ ನೋಟ್‌ಬುಕ್ಕನ್ನು ಅಡುಗೆಮನೆಯ ಶೆಲ್ಫಿನಲ್ಲಿ ಬಿಡಿಸಿಯೇ ಇಡುತ್ತಿದ್ದೆ ಎಂಬುದು ಆಗ ನೆನಪಾಯಿತು.

ಟಿಕೆಟ್ ಬದಲಿಸಲಿಲ್ಲ. ಮಧ್ಯಾಹ್ನ ಸ್ಟೇಷನ್ನಿಗೆ ಹೋದೆವು. ಎಲ್ಲಿಗೂ ಹೋಗಬೇಕಿಲ್ಲದ ನಾವು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಂದು ಬೆಂಚಿನ ಮೇಲೆ ಕೂತೆವು. ತಡ, ತಡ, ತಡ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಎದುರಿಗೆ ಒಂದು ರೈಲು ನಿಂತಿತ್ತು. ಅದರ ಮುಂದಿನ ಡಬ್ಬಿಗಳು ಕಾಣುತ್ತಿರಲಿಲ್ಲ, ಹಿಂದಿನವೂ ಕಾಣುತ್ತಿರಲಿಲ್ಲ. ಮಧ್ಯದ ಮೂರು ಮಾತ್ರ ಇದ್ದವು. ಕಿಟಕಿಯಲ್ಲಿ ಹಳದಿ ದೀಪ, ಒಳಗೆ ಶಾಲು ಹೊದ್ದ ಜನ. ಒಂದು ಕಿಟಕಿಯ ಒಳಗೆ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಒಬ್ಬ ಹೆಂಗಸು ಹಸಿ ಬಟಾಣಿ ಸುಲಿಯುತ್ತಿದ್ದಳು. ಪಕ್ಕದವರೂ ಕೈ ಹಾಕಿ ಸುಲಿಯುತ್ತಿದ್ದರು.

ನಾನು ಇವರ ತೋಳು ಹಿಡಿದು ಜಗ್ಗಿದೆ. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಇದ್ದಿದ್ದರೆ ಅಲ್ಲಿಂದಲೇ ಫೋನ್ ಮಾಡಿ, ನೀನು ಹೇಳಿದ್ದು ನಿಜ ಕಣಪ್ಪ ಎನ್ನುತ್ತಿದ್ದೆ.

"ನೋಡ್ದೆ, ನೋಡ್ದೆ" ಎಂದರು ಇವರು. "ಅವರೆಕಾಯಲ್ಲ, ಬಟಾಣಿ." ಹಾಗೆಂದು ಜೇಬಿನಿಂದ ಹುರಿದ ಅವರೆಕಾಳಿನ ಪೊಟ್ಟಣ ತೆಗೆದು ನನ್ನ ಕೈಗೆ ಸುರಿದರು. ರೈಲು ಹೊರಡುವವರೆಗೂ ತಿನ್ನುತ್ತಾ ಕೂತಿದ್ದೆವು.

ಇದೆಲ್ಲ ನೆನಪಾಗಿ ಕೂತವಳಿಗೆ ಮೊನ್ನೆ ಬೆಳಗ್ಗೆ ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ಕಿಟಕಿಯ ಹೊರಗೆ ಮಂಜು ಏಳುತ್ತಿತ್ತು, ಈ ವರ್ಷದ ಎರಡನೇ ರಾಶಿ ಹರಡುತ್ತಿದ್ದರು. ಈಗ ನಮ್ಮ ಕಣದಲ್ಲಿ ಹೊಸ ಪದ್ಧತಿ: ಅತ್ತೆ ಹಲ್ಲಲ್ಲಿ ಕಚ್ಚಿ ನೋಡುತ್ತಾರೆ, ಮಗ ಅವರ ಎದುರಿಗೇ ನಿಂತು ಕಿವಿಯಲ್ಲಿ ಕೇಳುತ್ತಾರೆ, ಇಬ್ಬರೂ ಒಟ್ಟಿಗೆ ಬೆರಳು ಎತ್ತುತ್ತಾರೆ. ಬೆರಳು ಹೊಂದದಿದ್ದರೆ ಜಗಳ. ಗೋಣಿ ಈಗ ಜಗಲಿಯ ಮೇಲೇ ಇರುತ್ತದೆ.

ನಾನು ಹನ್ನೊಂದು ಹಣ್ಣನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕಣದಿಂದ ಅತ್ತೆ ತಲೆ ಎತ್ತಿ ನೋಡಿದರು. ಕಿಟಕಿಯಲ್ಲಿ ಸೊಸೆ, ಕಿವಿಯ ಹತ್ತಿರ ಮುಷ್ಟಿ. ಹುಬ್ಬು ಹಾರಿಸಿ ಕೇಳಿದರು, ಎಷ್ಟು?

ತಡೆಯಿರಿ ಎಂದು ಕೈ ಮಾಡಿ, ಬಳೆ ಎಲ್ಲ ಮೊಣಕೈಯವರೆಗೆ ಸರಿಸಿ ಇನ್ನೊಂದು ಸಲ ಕೇಳಿದೆ. ಆಮೇಲೆ ಮುಷ್ಟಿ ಮುಚ್ಚಿ ಎತ್ತಿ ತೋರಿಸಿದೆ.

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಕ್ಕರು. ಆಮೇಲೆ ತೋಟಕ್ಕೆಲ್ಲ ಕೇಳುವ ಹಾಗೆ ಕೂಗಿದರು: "ಆಗಿದ್ರೆ ಮೂಟೆ ಕಟ್ಟು! ಈ ಸಲ ದಿಲ್ಲಿಗೆ ಹೋಗೋದಾದ್ರೆ ನಂಗೂ ಒಂದು ಸ್ವೆಟ್ರು ತಗಂಡ್ಬಿಡು!"

ಹನ್ನೊಂದನ್ನೂ ಮತ್ತೆ ಅದೇ ಜೇಬಿಗೆ ಹಾಕಿದೆ. ಸ್ವೆಟರ್ ಈ ಸಲವೂ ತೊಳೆಯಲಿಲ್ಲ.